ಗೋಡೆ ನೋಡಿದ್ರಾ?

ಬೆಳಗ್ಗೆ ಎಂಟೂಮುಕ್ಕಾಲಿಗೆ ಕಂಪ್ಯೂಟರಿನ ಗುಂಡಿ ಒತ್ತಿದರೆ ಸಾಕು, ಗೋದಾಳಿಗೆ ಕೋಪ ಮೂಗಿನ ತುದಿಗೆ ಬಂದು ಕೂರುತ್ತಿತ್ತು. ಶ್ರೀರಾಂಪುರದಿಂದ ಮೆಟ್ರೊದಲ್ಲಿ ನಿಂತುಕೊಂಡೇ ಬಂದ ಕಾಲು ಇನ್ನೂ ಸುಧಾರಿಸಿಕೊಂಡಿರುವುದಿಲ್ಲ, ಕುಡಿದ ಕಾಫಿ ಗಂಟಲಿನಿಂದ ಕೆಳಗಿಳಿದಿರುವುದಿಲ್ಲ, ಅಷ್ಟರಲ್ಲಿ ಪರದೆಯ ಮೇಲೆ ಆ ಮನುಷ್ಯನ ಕಾರುಬಾರು ಎದುರಾಗುತ್ತಿತ್ತು.

ಪಾಸ್‌ವರ್ಡ್ ಕೇಳುವ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ. ಒತ್ತಿದರೆ ಎರಡು ಹೆಸರು, ಒಂದೇ ಕಂಪ್ಯೂಟರಿನಲ್ಲಿ ಹಾಕಿಟ್ಟ ಎರಡು ಬೇರೆ ಬೇರೆ ಡೆಸ್ಕ್‌ಟಾಪ್‌ಗಳದು. ಮೊದಲನೆಯದು ಪ್ಲಾಸ್ಮಾ, ಅದು ಅವನದು. ಎರಡನೆಯದು ಎಕ್ಸ್‌ಎಫ್‌ಸಿಇ, ಅದು ಇವಳದು. ಆ ಹೆಸರು ಹೇಳಲು ಹೋಗಿ ನಾಲಿಗೆ ತೊಡರಿಸಿಕೊಂಡವಳು, ಅದರ ಗುರುತಿನ ಚಿತ್ರದಲ್ಲಿ ಒಂದು ಇಲಿ ಇದೆಯೆಂದು ಅದನ್ನು ಇಲಿ ಎಂದೇ ಕರೆಯುತ್ತಿದ್ದಳು. ದಿನಾ ಬೆಳಗ್ಗೆ ಪ್ಲಾಸ್ಮಾ ತಾನೇ ಯಜಮಾನ ಎಂಬಂತೆ ಮೇಲೆ ಕೂತಿರುತ್ತಿತ್ತು. ದಿನಾ ಗೋದಾ ಅದನ್ನು ಇಳಿಸಿ, ಇಲಿಯನ್ನು ಹತ್ತಿಸಿ, ಆಮೇಲೆ ಒಳಗೆ ಹೋಗುತ್ತಿದ್ದಳು.

"ಇವರಿಗೇನು ಬಂದಿದೆಯೋ ರೋಗ!" ಎಂದು ಗೊಣಗುವುದೂ ದಿನಾ ಒಂದು ಸಲ ಆಗುತ್ತಿತ್ತು.

ಇವರು ಎಂದರೆ ಶಶಿಕಿರಣ್. ಹನುಮಂತನಗರದವನು, ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಬಸವನಗುಡಿಯ ಹಿಂಬೀದಿಯಲ್ಲಿ ವರದರಾಜರು ನಡೆಸುವ ಪಂಚಾಂಗದ ಆಫೀಸಿಗೆ ಮಧ್ಯಾಹ್ನ ಎರಡೂವರೆಗೆ ಬಂದು, ಮುಂದಿನ ಸಂವತ್ಸರದ ತಿಥಿ ನಕ್ಷತ್ರಗಳನ್ನು ತಾನೇ ಬರೆದ ಪ್ರೋಗ್ರಾಮಿನಿಂದ ಲೆಕ್ಕ ಹಾಕಿ ಕೊಡುತ್ತಿದ್ದ. ಬೆಳಗಿನ ಹೊತ್ತು ಅದೇ ಕುರ್ಚಿಯಲ್ಲಿ ಕೂತು, ಅದೇ ಕಂಪ್ಯೂಟರಿನಲ್ಲಿ ಆ ಲೆಕ್ಕಗಳನ್ನು ಪುಟಗಳಾಗಿ ಜೋಡಿಸುವವಳು ಗೋದಾ. ಇನ್ನೊಂದು ಕಂಪ್ಯೂಟರ್ ಬೇಕು ಎಂದರೆ ವರದರಾಜರು, "ಪಂಚಾಂಗ ಒಂದೇ ತಾನೆ, ಕಂಪ್ಯೂಟರ್ ಎರಡು ಯಾಕಮ್ಮ?" ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಅವರ ಜೊತೆ ವಾದ ಮಾಡಿ ಗೆದ್ದವರು ಆ ಬೀದಿಯಲ್ಲೇ ಇರಲಿಲ್ಲ.

ಆರು ತಿಂಗಳ ಹಿಂದೆ ಹಳೆಯ ವಿಂಡೋಸ್ ಕೈಕೊಟ್ಟಾಗ ಲಿನಕ್ಸ್ ಹಾಕಿದವನು ಶಶಿಕಿರಣನೇ. "ಹಳೇ ಮಿಷನ್ನು, ಹಗುರದ್ದು ಇರಲಿ" ಎಂದು ಇಲಿಯನ್ನು ಕೂರಿಸಿದವನೂ ಅವನೇ. ಗೋದಾ ನಾಲ್ಕು ದಿನ ಅತ್ತೂ ಕರೆದೂ ಅದನ್ನು ಕಲಿತಳು. ಐದನೆಯ ದಿನ ಅದು ಅವಳಿಗೆ ಇಷ್ಟವಾಗಿಬಿಟ್ಟಿತು. ಕೆಳಗೊಂದು ಸಾದಾ ಪಟ್ಟಿ, ಹಿಂದೆ ಗಿಳಿಹಸಿರು ಬಣ್ಣ, ಅದರ ಮೇಲೆ ಸಾಲಾಗಿ ಅವಳ ಫೈಲುಗಳು. ಕೇಳಿದ್ದನ್ನು ಕೊಡುತ್ತದೆ, ಕೇಳದ್ದನ್ನು ಮಾಡುವುದಿಲ್ಲ. ಮನುಷ್ಯರಲ್ಲೇ ಸಿಗದ ಗುಣ.

ಅಷ್ಟಕ್ಕೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡನಂತೆ. ಒಂದು ದಿನ ಕಂಪ್ಯೂಟರಿಗೆ ಮೆಮೊರಿ ಹೆಚ್ಚಿಸಿ, ಇಲಿಯ ಪಕ್ಕದಲ್ಲೇ ತನ್ನ ಪ್ರೀತಿಯ ಪ್ಲಾಸ್ಮಾವನ್ನೂ ತಂದು ತುಂಬಿದ. ಅವತ್ತಿನಿಂದ ಆ ಕಂಪ್ಯೂಟರಿನಲ್ಲಿ ಎಲ್ಲವೂ ಎರಡೆರಡು.

"ಶಶಿಕಿರಣ್, ಇದೇನ್ರೀ ಇದು? ಸೆಟ್ಟಿಂಗ್ಸ್ ಎರಡಿದೆ. ಯಾವುದು ಒತ್ಬೇಕು?"

"ಇಲಿ ಮೇಡಂ ಅಲ್ವಾ ನೀವು? ಇಲೀದು ಒತ್ತಿ."

"ಇಲೀದೇ ಒತ್ತಿದ್ದು. ಅಕ್ಷರ ಯಾಕೆ ಹೀಗೆ ಊದ್ಕೊಂಡಿದೆ ಹಾಗಾದ್ರೆ?"

ಅವನು ಕನ್ನಡಕ ತೆಗೆದು, ಚೊಕ್ಕಟವಾಗಿಯೇ ಇದ್ದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ತಪ್ಪು ತನ್ನದಾದಾಗಲೆಲ್ಲ ಹೀಗೆ ಮಾಡುತ್ತಿದ್ದ. "ಅದು ನಾನು ನಿನ್ನೆ ನನ್ನ ಕಡೆ ಸೈಜ್ ಜಾಸ್ತಿ ಮಾಡ್ದೆ. ಅಕೌಂಟ್ ಒಂದೇ ನೋಡಿ, ಸ್ವಲ್ಪ ನಿಮ್ಮ ಕಡೆಗೂ ತಾಗಿದೆ."

"ಸ್ವಲ್ಪಾನಾ? ಮೆನು ಓದೋಕೆ ಕುರ್ಚಿ ಬಾಗಿಲ ತನಕ ಹಿಂದಕ್ಕೆ ಎಳ್ಕೋಬೇಕು!"

"ಮನೆ ಒಂದು, ಬಾಗಿಲು ಎರಡು ಅಂದ್ಕೊಳ್ಳಿ. ಯಾವ ಬಾಗಿಲಿಂದ ಬಂದ್ರೂ ಒಳಗಿನ ಸಾಮಾನು ಅದೇ. ಗೋಡೆ ಬಣ್ಣ ಮಾತ್ರ ಬೇರೆ."

"ಪಾಠ ಬೇಡ, ಅಕ್ಷರ ಸಣ್ಣ ಮಾಡಿ."

ಅವನು ಸರಿಪಡಿಸಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದ. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು, ಅವಳು ಕೂತಿದ್ದಳು, ಅವನು ಹಿಂದೆ ಬಗ್ಗಿ ನಿಂತಿದ್ದ. ಅವನು ತನ್ನನ್ನೇ ನೋಡುತ್ತಿರುವುದು ಗೋದಾಳಿಗೆ ಗಾಜಿನಲ್ಲಿ ಕಂಡಿತು. ಅವಳು ನೋಡಿದ್ದು ಅವನಿಗೂ ಕಂಡಿತು. ಇಬ್ಬರೂ ಕಣ್ಣು ಕೀಳುವಷ್ಟರಲ್ಲಿ ಬೆಳಕು ಬಂದು, ಪಾಸ್‌ವರ್ಡ್ ಕೇಳಿತು. ಅವಳು ಎರಡು ಸಲ ತಪ್ಪು ಹೊಡೆದಳು.

ದಿನಕ್ಕೆ ಹದಿನೈದು ನಿಮಿಷ, ಅವಳು ಹೊರಡುವ ಅವನು ಕೂರುವ ಹೊತ್ತು, ಅಷ್ಟೇ ಅವರ ಭೇಟಿ. ಆ ಹದಿನೈದು ನಿಮಿಷವೂ ವರದರಾಜರು ಮೂರಡಿ ದೂರದಲ್ಲಿ ತಮ್ಮ ಮೇಜಿನ ಮುಂದೆ ಕೂತಿರುತ್ತಿದ್ದರು. ಹಾಗಾಗಿ ಜಗಳ ಒಂದನ್ನು ಬಿಟ್ಟು ಬೇರೇನೂ ಆಡುವಂತಿರಲಿಲ್ಲ.

ಶಶಿಕಿರಣನದು ಒಂದೇ ರಾಗ. "ಒಂದು ವಾರ ನನ್ನ ಕಡೆ ಬಂದು ನೋಡಿ, ಗೋದಾ. ಆಮೇಲೆ ಬೇಡ ಅಂದ್ರೆ ಕೇಳಿ." ಸೋಮವಾರ ಇದು, ಮಂಗಳವಾರವೂ ಇದೇ. ದಸರೆ ರಜೆ ಮುಗಿಸಿ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಮತ್ತೆ ಶುರುಮಾಡಿದಾಗ ಅವಳಿಗೆ ಸಾಕಾಗಿ ಹೋಯಿತು.

"ಆಯ್ತು ಗುರುಗಳೇ, ನಾಳೆಯಿಂದ ನಿಮ್ದೇ ಬಳಸ್ತೀನಿ. ಸಮಾಧಾನಾನಾ?"

"ನಿಜವಾಗ್ಲೂ?"

"ನಿಜವಾಗ್ಲೂ. ನಂದೂ ಒಂದು ಮಾತು ಕೇಳಿ. ಏನಾದ್ರೂ ಹೇಳೋದಿದ್ರೆ ಡೆಸ್ಕ್‌ಟಾಪ್ ಮೇಲೆ ಒಂದು ಫೈಲ್ ಇಟ್ಟು ಹೋಗ್ತೀನಿ. ಸರ್ ಮುಂದೆ ದಿನಾ ಕಿತ್ತಾಡೋಕೆ ನಾಚಿಕೆ ಆಗುತ್ತೆ. ಬಂದ ತಕ್ಷಣ ನೋಡ್ತೀರಾ?"

"ನೋಡ್ದೆ ಇರ್ತೀನಾ?" ಎಂದ ಅವನ ಮುಖ ಅರಳಿದ್ದನ್ನು ಕಂಡು ಅವಳಿಗೆ ಪಾಪ ಅನಿಸಿತು. ಮಾರನೆಯ ದಿನದಿಂದ ಅವಳಿಗೆ ಅನುಕೂಲವಾಗಲೆಂದು ಅವನು ಪ್ಲಾಸ್ಮಾ ತಾನಾಗಿಯೇ ಮೊದಲು ಬರುವಂತೆ ಮಾಡಿಟ್ಟ. ಗೋದಾ ಬಳಸಿದ್ದು ಮಾತ್ರ ಇಲಿಯನ್ನೇ. ಬೆಳಗ್ಗೆ ಒಂದು ಕ್ಲಿಕ್, ಬಾಯಿಗೆ ಬೀಗ, ಸಂಸಾರದಲ್ಲಿ ಶಾಂತಿ ಎಂದುಕೊಂಡಳು. ಸಂಸಾರ ಎಂಬ ಪದ ಎಲ್ಲಿಂದ ಬಂತು ಎಂದು ತನ್ನನ್ನೇ ಬೈದುಕೊಂಡಳು.

ಹಾಗೆ ಶುರುವಾಯಿತು ಅವಳ ಬರವಣಿಗೆ. ಮೊದಲ ಫೈಲು, "ಪ್ರಿಂಟರ್ ಎಲ್ಲಿ ಬಚ್ಚಿಟ್ಟಿದ್ದೀರಿ?" ಎರಡನೆಯದು, "ಮೌಸಿನ ಬಾಣ ಆನೆಯಷ್ಟಾಗಿದೆ." ಆಮೇಲೆ ಬೈಗುಳದ ಜೊತೆಗೆ ಬೇರೆಯದೂ ಸೇರಿಕೊಂಡಿತು. ನಿಮ್ಮ ಕೆಮ್ಮು ಕಡಿಮೆ ಆಯಿತೇ? ಆ ನೀಲಿ ಅಂಗಿ ನಿಮಗೆ ಒಪ್ಪುತ್ತದೆ, ಬೂದು ಬಣ್ಣದ್ದನ್ನು ಯಾರಿಗಾದರೂ ಕೊಟ್ಟುಬಿಡಿ. ಬರೆದು, ಗಿಳಿಹಸಿರಿನ ಮೇಲೆ ಎದ್ದು ಕಾಣುವಂತೆ ಇಟ್ಟು ಹೋಗುತ್ತಿದ್ದಳು. ಉತ್ತರ ಒಂದಕ್ಕೂ ಇಲ್ಲ. ಮಾರನೆಯ ಮಧ್ಯಾಹ್ನ ಅದೇ ಬೂದು ಅಂಗಿಯಲ್ಲಿ ಬಂದು ನಿಲ್ಲುತ್ತಿದ್ದ. ಗೋದಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೆ ಶಶಿಕಿರಣ್ ಇಷ್ಟವಾಗಿದ್ದ. ಸುತ್ತಿ ಬಳಸಿ ಹೇಳುವುದೇನಿದೆ? ಎರಡು ಗಂಟೆಯಾದರೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು.

ದೀಪಾವಳಿ ಕಳೆದ ವಾರ ಒಂದು ಮಧ್ಯಾಹ್ನ ಅವನು ಬಂದವನೇ, ವರದರಾಜರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ. "ಗೋಡೆ ನೋಡಿದ್ರಾ?"

ಪ್ಲಾಸ್ಮಾದ ಹಿನ್ನೆಲೆಯನ್ನು ಅವನು ಗೋಡೆ ಎನ್ನುತ್ತಿದ್ದ. ಹೊಸ ಚಿತ್ರ ಹಾಕಿರಬೇಕು ಎಂದುಕೊಂಡಳು. ನೋಡಿಲ್ಲ ಎಂದರೆ ತನ್ನ ಸುಳ್ಳು ಬಯಲಾಗುತ್ತದೆ. "ಹ್ಞೂ, ನೋಡ್ದೆ. ಚೆನ್ನಾಗಿದೆ" ಎಂದಳು.

"ಅಷ್ಟೇನಾ?"

"ಇನ್ನೇನು? ದಿನಾ ನೋಡ್ತಾ ನೋಡ್ತಾ ಅಭ್ಯಾಸ ಆಗುತ್ತೆ."

ಅವನ ಮುಖ ಇಳಿದುಹೋಯಿತು. ಒಂದು ಚಿತ್ರ ಹೊಗಳಲಿಲ್ಲವೆಂದು ಇಷ್ಟು ಬೇಜಾರೇ ಎಂದು ಗೋದಾ ಮೆಟ್ರೊದಲ್ಲಿ ಮನೆ ತಲುಪುವವರೆಗೂ ಗೊಣಗಿಕೊಂಡಳು.

ಕಡೆಯ ಕಾರ್ತೀಕ ಸೋಮವಾರ ಕಡಲೆಕಾಯಿ ಪರಿಷೆ. ಎರಡು ದಿನದಿಂದ ಬೀದಿಯ ತುದಿಯವರೆಗೂ ರಾಶಿ ಬಿದ್ದಿತ್ತು. ಅವಳಿಗೆ ಹೋಗುವ ಆಸೆ, ಅದೂ ಯಾರ ಜೊತೆ ಎಂಬುದು ಅವಳಿಗೇ ಗೊತ್ತು. ಅವನು ಬಾಯಿ ಬಿಡಲಿಲ್ಲ, ಇವಳು ಮನೆಗೆ ಹೋದಳು. ಮಂಗಳವಾರ ಮಧ್ಯಾಹ್ನ ಅವನು ಒಂದು ಪೊಟ್ಟಣ ಕಡಲೆಕಾಯಿ ತಂದು ಕೀಬೋರ್ಡಿನ ಪಕ್ಕ ಇಟ್ಟ.

"ಪರಿಷೆಗ್ ಹೋಗಿದ್ರಾ?"

"ಹೋಗಿದ್ದೆ."

"ಒಬ್ರೇನಾ?"

"ಒಬ್ಬನೇ" ಎಂದು ಅವಳನ್ನು ಒಂದು ಥರಾ ನೋಡಿದ. ಆ ನೋಟಕ್ಕೆ ಅವಳಿಗೆ ಅರ್ಥ ಸಿಗಲಿಲ್ಲ. ಕರೆದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಹಲ್ಲು ಕಚ್ಚಿಕೊಂಡು, ಕಡಲೆಕಾಯಿಯನ್ನು ಮಾತ್ರ ಒಂದೂ ಬಿಡದೆ ತಿಂದು ಮುಗಿಸಿದಳು.

ಅದೇ ಸಂಜೆ ಮೈಸೂರಿನಿಂದ ಅಕ್ಕ ಆರಾಧನಾ ಫೋನ್ ಮಾಡಿದಳು. ಅಲ್ಲಿಯ ಪ್ರಕಾಶನವೊಂದಕ್ಕೆ ಪುಟವಿನ್ಯಾಸ ಮಾಡುವವರು ಬೇಕಂತೆ, ಭಾನುವಾರದೊಳಗೆ ಹೇಳಬೇಕಂತೆ. ಗೋದಾಳಿಗೆ ಮೈಸೂರಿಗೆ ಹೋಗುವ ಆಸೆ ಎಳ್ಳಷ್ಟೂ ಇರಲಿಲ್ಲ. ಆದರೆ ಮಾತಿಲ್ಲ ಕತೆಯಿಲ್ಲದ ಈ ಮನುಷ್ಯನನ್ನು ದಿನಾ ಹದಿನೈದು ನಿಮಿಷ ನೋಡಿಕೊಂಡು ಎಷ್ಟು ವರ್ಷ ಕಳೆಯುವುದು? ಬುಧವಾರ ಕೂತು ಬರೆದಳು.

"ಶಶಿಕಿರಣ್ ಅವರಿಗೆ, ಇಷ್ಟು ದಿನ ಬೈದು ಬರೆದೆ, ಇವತ್ತು ಬೈಯಲ್ಲ. ಮೈಸೂರಲ್ಲಿ ಕೆಲಸಕ್ಕೆ ಕರೆದಿದ್ದಾರೆ. ನನಗೆ ಹೋಗೋಕೆ ಇಷ್ಟ ಇಲ್ಲ. ಎರಡೂವರೆಗೆ ನೀವು ಬಾಗಿಲಲ್ಲಿ ಚಪ್ಪಲಿ ಬಿಡೋ ಸದ್ದು ಕೇಳದೆ ನನಗೆ ದಿನ ಮುಗಿಯಲ್ಲ. ನಿಮಗೂ ಹಾಗೇ ಅನಿಸಿದ್ರೆ ಶುಕ್ರವಾರದೊಳಗೆ ಒಂದು ಮಾತು ಹೇಳಿ. ಹೇಳದಿದ್ರೆ ಶನಿವಾರ ಸರ್‌ಗೆ ರಾಜೀನಾಮೆ ಕೊಡ್ತೀನಿ. ಗೋದಾ."

ಗುರುವಾರ ಅವನು ಬಂದ. ಮೂರಡಿ ದೂರದಲ್ಲಿ ವರದರಾಜರು. "ನಾನಿಟ್ಟಿದ್ದು ಓದಿದ್ರಾ?" ಎಂದಳು.

ಅವನು ಮೇಜಿನ ಮೇಲಿದ್ದ ಪುಷ್ಯಮಾಸದ ಪುಟಗಳ ಕಡೆ ಕೈ ತೋರಿಸಿದ್ದನ್ನು ಅವಳು ನೋಡಲಿಲ್ಲ, ಅವಳು ನೋಡುತ್ತಿದ್ದದ್ದು ಅವನ ಮುಖವನ್ನು. "ಓದ್ದೆ. ಎಲ್ಲಾ ಸರಿಯಾಗಿದೆ" ಎಂದ.

"ಹೇಳೋದು ಏನೂ ಇಲ್ವಾ?"

"ಇಲ್ಲ" ಎಂದು ಕುರ್ಚಿ ಎಳೆದುಕೊಂಡ.

ಶುಕ್ರವಾರವೂ ಕಳೆಯಿತು. ಶನಿವಾರ ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಪೂಜೆ ಮುಗಿಸಿ ಬಂದು ಕೂತ ವರದರಾಜರ ಮುಂದೆ ಗೋದಾ ಒಂದು ಕವರ್ ಚಾಚಿದಳು. "ಸರ್, ಇದೊಂದು ತಗೊಳ್ಳಿ."

ಅವರು ಕೈ ಮುಂದೆ ತಂದವರು, ಗೋಡೆ ಗಡಿಯಾರ ನೋಡಿ, ಬಿಸಿ ತಾಗಿದಂತೆ ಹಿಂದಕ್ಕೆಳೆದುಕೊಂಡರು. "ಏನಮ್ಮ ಇದು? ರಾಹುಕಾಲದಲ್ಲಿ ಕವರ್ ಕೊಡ್ತೀಯಲ್ಲ! ಪಂಚಾಂಗ ಮಾಡೋ ಆಫೀಸು ಕಣೇ ಇದು. ಹತ್ತೂವರೆ ಆಗ್ಲಿ, ಕೊಡುವಂತೆ."

"ಸರ್, ಇದು ಬರೀ..."

"ಏನೇ ಆಗಿರ್ಲಿ. ಹತ್ತೂವರೆ."

ರಾಜೀನಾಮೆ ಕೊಡುವುದಕ್ಕೂ ಈ ಆಫೀಸಿನಲ್ಲಿ ಮುಹೂರ್ತ ನೋಡಬೇಕು! ಗೋದಾ ದಬಾರನೆ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಪುಟಗಳನ್ನಾದರೂ ಪೆನ್‌ಡ್ರೈವಿಗೆ ಹಾಕಿಡೋಣವೆಂದು ಗುಂಡಿ ಒತ್ತಿದಳು. ಮೂಲೆಯ ಪಟ್ಟಿ ತೆರೆದಳು. ಪ್ಲಾಸ್ಮಾ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ.

ಇಲಿಯನ್ನು ತೆಗೆದುಹಾಕಿದ್ದ. ಆರು ತಿಂಗಳು ಅವಳು ಬಾಳಿದ ಜಾಗವನ್ನು ಹೇಳದೆ ಕೇಳದೆ ಕಿತ್ತುಹಾಕಿದ್ದ. ಹೋಗುತ್ತೀನಿ ಎಂದು ಬರೆದದ್ದಕ್ಕೆ ಇದಾ ಉತ್ತರ? ಹೋಗುವ ಮುಂಚೆಯೇ ಹಾಸಿಗೆ ಸುತ್ತಿಟ್ಟ ಹಾಗೆ? ಅಳು ಉಕ್ಕಿ ಬಂತು, ಅದರ ಹಿಂದೆಯೇ ಅದಕ್ಕಿಂತ ದೊಡ್ಡ ಸಿಟ್ಟು ಬಂತು. ಹಲ್ಲು ಕಚ್ಚಿ ಪಾಸ್‌ವರ್ಡ್ ಹೊಡೆದು ಮೊದಲ ಬಾರಿಗೆ ಅವನ ಬಾಗಿಲಿನಿಂದ ಒಳಗೆ ಹೋದಳು.

ಅವನ ಗೋಡೆ ಕಡುನೀಲಿ ಎಂದು ಅವಳಿಗೆ ನೆನಪು. ಈಗ ಅದು ಗಿಳಿಹಸಿರಾಗಿತ್ತು. ಅದರ ತುಂಬ ಹಳದಿ ಚೀಟಿಗಳು. ಪ್ಲಾಸ್ಮಾದಲ್ಲಿ ಗೋಡೆಗೆ ಅಂಟಿಸಿ ಬರೆಯುವ ಚೀಟಿಯೊಂದಿರುತ್ತದೆ ಎಂದು ಅವನು ಯಾವಾಗಲೋ ಪಾಠ ಮಾಡಿದ್ದ, ಇವಳು ಆಕಳಿಸಿದ್ದಳು. ಒಂದೊಂದರ ನೆತ್ತಿಯ ಮೇಲೂ ತಾರೀಖಿನ ಬದಲು ತಿಥಿ. ಪಂಚಾಂಗದ ಮೇಷ್ಟ್ರಲ್ಲವೇ.

"ಆಶ್ವೀಜ ಬಹುಳ ತದಿಗೆ. ನನ್ನ ಕಡೆಗೆ ಬಂದಿದ್ದಕ್ಕೆ ಥ್ಯಾಂಕ್ಸ್. ನಿಮಗಿಷ್ಟ ಅಂತ ಗೋಡೆಗೆ ಗಿಳಿಹಸಿರು ಹಾಕಿದೀನಿ. ನನ್ನ ಕಣ್ಣಿಗೆ ಹಿಂಸೆ, ಪರವಾಗಿಲ್ಲ."

"ಆಶ್ವೀಜ ಬಹುಳ ದಶಮಿ. ಇವತ್ತು ಮುಡಿದಿದ್ದು ಕಾಕಡಾನಾ? ಕುರ್ಚಿ ಹತ್ರ ಸಂಜೆ ತನಕ ಘಮ ಇತ್ತು. ಲೆಕ್ಕ ಎರಡು ಸಲ ತಪ್ಪಿತು."

"ಕಾರ್ತೀಕ ಶುದ್ಧ ಪಂಚಮಿ. ಸುತ್ತಿ ಬಳಸೋಕೆ ನನಗೆ ಬರಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ಮದುವೆ ಆಗ್ತೀರಾ? ನಾಳೆ ಗೋಡೆ ನೋಡಿದ್ರಾ ಅಂತ ಕೇಳ್ತೀನಿ. ಸರ್ ಇರ್ತಾರೆ, ನೀವು ತಲೆ ಆಡಿಸಿದ್ರೂ ಸಾಕು."

ಗೋದಾಳ ಕೈ ಬಾಯಿಗೆ ಹೋಯಿತು.

"ಕಾರ್ತೀಕ ಶುದ್ಧ ಷಷ್ಠಿ. ದಿನಾ ನೋಡ್ತಾ ಅಭ್ಯಾಸ ಆಗುತ್ತೆ ಅಂದ್ರಿ. ಇದು ಹೌದೋ ಅಲ್ವೋ? ನನ್ನ ಸ್ಟೂಡೆಂಟ್ ಹೀಗೆ ಬರೆದಿದ್ರೆ ಅರ್ಧ ಮಾರ್ಕೂ ಕೊಡ್ತಿರ್ಲಿಲ್ಲ."

"ಕಾರ್ತೀಕ ಬಹುಳ ದಶಮಿ. ಸೋಮವಾರ ಆರು ಗಂಟೆಗೆ ಪರಿಷೇಲಿ, ದೊಡ್ಡ ಗಣಪತಿ ಗುಡಿ ಮುಂದೆ ಕಾಯ್ತೀನಿ. ಬಂದ್ರೆ ಹೌದು ಅಂತ ತಿಳ್ಕೋತೀನಿ."

"ಕಾರ್ತೀಕ ಬಹುಳ ಚತುರ್ದಶಿ. ನಿನ್ನೆ ಎಂಟೂವರೆ ತನಕ ನಿಂತಿದ್ದೆ. ಗೊತ್ತಾಯ್ತು. ಕಡಲೆಕಾಯಿ ತಂದಿದೀನಿ, ಅದರ ಮೇಲೆ ಕೋಪ ಬೇಡ, ತಿನ್ನಿ."

ಕಡೆಯದು ನಿನ್ನೆಯದು. "ಎಲ್ಲಾ ಎರಡೆರಡು ಇದೆ ಅಂತ ನಿಮಗೆ ತಲೆನೋವಾಗಿತ್ತು. ಇಲೀನ ನೀವು ಬಿಟ್ಟು ಬಹಳ ದಿನ ಆಯ್ತಲ್ಲ, ಇವತ್ತು ತೆಗೆದುಹಾಕ್ದೆ. ಇನ್ಮೇಲೆ ಚೀಟಿ ಬರೆಯಲ್ಲ. ತೊಂದರೆ ಕೊಟ್ಟಿದ್ರೆ ಕ್ಷಮಿಸಿ."

ಹತ್ತೊಂಬತ್ತು ಚೀಟಿ. ಅವಳು ಎರಡೆರಡು ಸಲ ಓದಿದಳು. ಎರಡೂವರೆ ಗಂಟೆ ಪರಿಷೆಯ ನೂಕುನುಗ್ಗಲಿನಲ್ಲಿ ಬೂದು ಅಂಗಿ ಹಾಕಿಕೊಂಡು ನಿಂತವನನ್ನು ನೆನೆದು ಅವಳ ಕಣ್ಣು ತುಂಬಿತು. ಮೂಗು ಒರೆಸಿಕೊಂಡು ಫೋನ್ ಎತ್ತಿಕೊಂಡಳು.

"ಎಲ್ಲಿದೀರಾ?"

"ಮನೇಲಿ. ಯಾಕೆ, ಏನಾದ್ರೂ ಕೆಟ್ಟುಹೋಯ್ತಾ?"

"ಬನ್ನಿ."

"ಏನಾಯ್ತು ಅಂತ ಹೇಳಿದ್ರೆ..."

"ಬನ್ನಿ ಅಂದ್ನಲ್ಲಾ!"

ಹನುಮಂತನಗರದಿಂದ ಹತ್ತೇ ನಿಮಿಷದಲ್ಲಿ ಬಂದ. ಒಂದು ಚಪ್ಪಲಿ ಹೊಸಲಿನ ಆಚೆ, ಒಂದು ಈಚೆ ಬಿತ್ತು. ವರದರಾಜರು ಒಮ್ಮೆ ತಲೆ ಎತ್ತಿ, ಮತ್ತೆ ಪ್ರೂಫಿನೊಳಗೆ ಮುಳುಗಿದರು.

"ನನ್ನ ಇಲಿ ಎಲ್ಲಿ?" ಎಂದಳು ಗೋದಾ, ಪಿಸುದನಿಯಲ್ಲೇ ಗದರಿಸುತ್ತ.

"ನೀವು ಬಳಸ್ತಾ ಇರ್ಲಿಲ್ವಲ್ಲ..."

"ಬಳಸ್ತಿದ್ದೆ. ದಿನಾ ಬಳಸ್ತಿದ್ದೆ. ನಿಮ್ಮ ಕಡೆ ಒಂದೇ ಒಂದು ದಿನ ಬಂದಿಲ್ಲ. ನಿಮ್ಮ ಕಾಟ ತಡೀಲಾರ್ದೆ ಸುಳ್ಳು ಹೇಳ್ದೆ."

ಅವನು ಅವಳನ್ನು ನೋಡಿದ. ಪರದೆಯ ಮೇಲಿನ ಹಳದಿ ಸಾಲನ್ನು ನೋಡಿದ. "ಅಂದ್ರೆ ಇವೆಲ್ಲಾ..."

"ಇವತ್ತು ಓದ್ದೆ. ಈಗ ಅರ್ಧ ಗಂಟೆ ಮುಂಚೆ."

"ಎಲ್ಲಾನೂ?"

"ಕಾಕಡಾನೂ ಸೇರಿಸಿ."

ಅವನ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸತೊಡಗಿದ. ಅವಳು ಬಿಡಲಿಲ್ಲ. "ನಂದು ಆಯ್ತು. ನಾನು ಬರೆದಿದ್ದಕ್ಕೆ ನೀವ್ಯಾಕೆ ಉತ್ತರ ಕೊಡ್ಲಿಲ್ಲ?"

"ನೀವೆಲ್ಲಿ ಬರೆದ್ರಿ? ಬಂದ ತಕ್ಷಣ ದಿನಾ ನೋಡ್ತಿದ್ದೆ. ಡೆಸ್ಕ್‌ಟಾಪ್ ಖಾಲಿ ಇರ್ತಿತ್ತು."

"ಖಾಲೀನಾ? ಹದಿನಾಲ್ಕು ಫೈಲ್ ಇಟ್ಟಿದೀನ್ರೀ!"

"ಎಲ್ಲಿ?"

"ಇಲಿ ತನ್ನಿ, ತೋರಿಸ್ತೀನಿ."

ಅವನು ಬಗ್ಗಿ ನಿಂತು ನಾಲ್ಕು ಸಾಲು ಹೊಡೆದ. ಐದಾರು ನಿಮಿಷದಲ್ಲಿ ಇಲಿ ಮರಳಿ ಬಂತು. ರೀಸ್ಟಾರ್ಟ್ ಮಾಡಿದಾಗ ಪರದೆ ಕಪ್ಪಾಗಿ ಇಬ್ಬರ ಮುಖವೂ ಮೂಡಿತು. ಈ ಸಲ ಇಬ್ಬರೂ ಕಣ್ಣು ತೆಗೆಯಲಿಲ್ಲ. ಬೆಳಕು ಬಂದ ಮೇಲೆ ಅವಳು ಪಟ್ಟಿಯಲ್ಲಿ ಇಲಿಯನ್ನು ಒತ್ತಿ ಒಳಗೆ ಹೋದಳು. ಅವಳ ಗಿಳಿಹಸಿರು, ಅದರ ಮೇಲೆ ಎರಡು ಸಾಲು ಫೈಲುಗಳು, ಇಟ್ಟದ್ದು ಇಟ್ಟಲ್ಲೇ ಇದ್ದವು.

ಶಶಿಕಿರಣ್ ಹಣೆ ಚಚ್ಚಿಕೊಂಡ. "ಅಯ್ಯೋ ದೇವರೇ. ನನ್ನ ಕಡೆ ಐಕಾನ್‌ಗಳು ಕಾಣ್ದೇ ಇರೋ ಹಾಗೆ ಮಾಡಿದ್ದು ನಾನೇ. ಗೋಡೆ ಚೊಕ್ಕಟ ಇರ್ಲಿ ಅಂತ. ಯಾವ ಕಂಪ್ಯೂಟರ್ ಆದ್ರೂ ಮೊದಲ ದಿನ ಕೈ ತಾನಾಗಿ ಆ ಸೆಟ್ಟಿಂಗ್ ಹಾಕಿಬಿಡುತ್ತೆ. ನನಗೆ ಮರೆತೇ ಹೋಗಿತ್ತು. ಫೈಲ್ ಇತ್ತು, ನನಗೆ ಕಾಣ್ತಿರ್ಲಿಲ್ಲ ಅಷ್ಟೇ."

"ಮನೆ ಒಂದು, ಬಾಗಿಲು ಎರಡು ಅಂತ ನನಗೆ ಆರು ತಿಂಗಳು ಪಾಠ ಮಾಡಿದ್ರಲ್ಲ ಮೇಷ್ಟ್ರೇ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!"

ಅವನು ಒಂದೊಂದೇ ತೆರೆದು ಓದಿದ. ಪ್ರಿಂಟರಿಗೆ ನಕ್ಕ. ಬೂದು ಅಂಗಿಯದನ್ನು ಓದಿ, ತಾನು ಹಾಕಿಕೊಂಡಿದ್ದನ್ನು ಬಗ್ಗಿ ನೋಡಿಕೊಂಡ. ಅದು ಬೂದು ಬಣ್ಣದ್ದೇ ಆಗಿತ್ತು. ಕಡೆಯ ಕಾಗದ ತೆರೆದ ಮೇಲೆ ನಗಲಿಲ್ಲ. ಓದಿ ಮುಗಿಸಿ, ಅವಳ ಮಡಿಲಿನಲ್ಲಿದ್ದ ಕವರ್ ನೋಡಿದ.

"ಕೊಟ್ಬಿಟ್ರಾ?"

"ಕೊಡೋಕೆ ಹೋದೆ. ರಾಹುಕಾಲ ಅಂತ ಸರ್ ತಗೊಳ್ಳಿಲ್ಲ."

"ಗೋದಾ," ಅವನು ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕೂತ, "ನಾನು ಈಗ..."

ಅವಳು ಗಡಿಯಾರ ನೋಡಿದಳು. ಹತ್ತು ಇಪ್ಪತ್ತನಾಲ್ಕು. ಈ ಮಾತಿಗಾಗಿ ತಿಂಗಳುಗಟ್ಟಲೆ ಕಾದವಳು ಅವನ ಬಾಯಿಗೆ ಅಡ್ಡ ಕೈ ಹಿಡಿದಳು. "ತಡೀರಿ. ಇನ್ನೂ ಆರು ನಿಮಿಷ ಇದೆ. ಈಗ ಹೇಳ್ಬೇಡಿ."

"ನಿಮಗೆ ಇದ್ರಲ್ಲೆಲ್ಲ ನಂಬಿಕೆ ಇದೆಯಾ?"

"ಇಲ್ಲ. ಆದ್ರೂ ಬೇಡ. ಇಷ್ಟು ದಿನ ಎಲ್ಲಾ ತಪ್ಪೇ ಆಗಿದೆ, ಇದೊಂದಾದ್ರೂ ಸರಿಯಾಗಿ ಆಗ್ಲಿ."

ಇಬ್ಬರೂ ಅಕ್ಕಪಕ್ಕ ಕೂತು ಗಡಿಯಾರದ ಮುಳ್ಳು ನೋಡಿದರು. ಅವನ ಮೊಣಕೈ ಅವಳ ಮೊಣಕೈಗೆ ತಗುಲಿಕೊಂಡೇ ಇತ್ತು, ಯಾರೂ ಸರಿಸಲಿಲ್ಲ. ಆ ಆರು ನಿಮಿಷದಷ್ಟು ಉದ್ದದ ರಾಹುಕಾಲ ಯಾವ ಪಂಚಾಂಗದಲ್ಲೂ ಅಚ್ಚಾಗಿರಲಾರದು. ಮುಳ್ಳು ಹತ್ತೂವರೆಗೆ ಬಂತು. ಅವಳು ಅವನ ಕಡೆ ತಿರುಗಿದಳು.

ಅವನು ಹುಬ್ಬು ಗಂಟಿಕ್ಕಿದ್ದ. "ನಿಜವಾಗಿ ಸೂರ್ಯೋದಯ ಹಿಡಿದು ಲೆಕ್ಕ ಹಾಕಿದ್ರೆ, ಇವತ್ತು ಹತ್ತು ನಲವತ್ತರ ತನಕ..."

"ಶಶಿಕಿರಣ್!"

"ಆಯ್ತು, ಆಯ್ತು. ಹತ್ತೂವರೆ." ಅವನು ಉಸಿರೆಳೆದುಕೊಂಡ. "ಮೈಸೂರಿಗೆ ಹೋಗ್ಬೇಡಿ. ನೀವಿಲ್ದೆ ನನಗೆ ಆಗಲ್ಲ. ಮದುವೆ ಆಗ್ತೀರಾ?"

"ಹ್ಞೂ, ಆಗ್ತೀನಿ" ಎಂದಳು ಗೋದಾ. ಸಿಟ್ಟಿನ ದನಿಯಲ್ಲೇ ಬಂತು ಮಾತು, ಕಣ್ಣು ಮಾತ್ರ ತುಳುಕುತ್ತಿತ್ತು. "ಇದನ್ನ ಮೊದಲೇ ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ನಿಮಗೇನಾಗಿತ್ತು?"

ಅಷ್ಟರಲ್ಲಿ ಆಚೆಯ ಮೇಜಿನಿಂದ ವರದರಾಜರ ದನಿ ಬಂತು. "ಗೋದಾ, ರಾಹುಕಾಲ ಕಳೀತು. ಏನೋ ಕೊಡ್ತೀನಂದ್ಯಲ್ಲ, ಕೊಡಮ್ಮ."

ಅವಳು ಮಡಿಲು ನೋಡಿಕೊಂಡಳು. ಕವರ್ ಇರಲಿಲ್ಲ. ಅದು ಆಗಲೇ ಬೂದು ಅಂಗಿಯ ಜೇಬು ಸೇರಿತ್ತು.

"ಏನಿಲ್ಲ ಸರ್, ಕಳೆದುಹೋಯ್ತು" ಎಂದಳು.

"ಹೋಗ್ಲಿ ಬಿಡು. ಆ ಹೊತ್ತಲ್ಲಿ ತೆಗೆದಿದ್ದು ಹಾಗೇ ಆಗೋದು" ಎಂದು ಅವರು ಪ್ರೂಫ್ ತಿರುವಿದರು.

ಶಶಿಕಿರಣ್ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ. "ನೋಡಿ, ಇದಕ್ಕೆಲ್ಲಾ ಸರಿಯಾದ ದಾರಿ ಒಂದಿದೆ. ಮೊದ್ಲೇ ಮಾಡ್ಬೇಕಿತ್ತು. ನಿಮಗೊಂದು ಅಕೌಂಟ್, ನನಗೊಂದು ಅಕೌಂಟ್. ಬೇರೆ ಬೇರೆ ಮಾಡಿಬಿಟ್ರೆ ನಂದು ನಿಮಗೆ ತಾಗಲ್ಲ, ನಿಮ್ದು ನನಗೆ ತಾಗಲ್ಲ. ಜಗಳಾನೇ ಇರಲ್ಲ. ಮಾಡಿಬಿಡ್ಲಾ?"

ಗೋದಾ ಅವನ ಬೆರಳುಗಳ ಮೇಲೆ ಕೈ ಇಟ್ಟು ಒತ್ತಿ ಹಿಡಿದಳು.

"ಬೇಡ. ತಾಗ್ಲಿ ಬಿಡು" ಎಂದಳು. "ಮೊದ್ಲು ನನ್ನ ಅಕ್ಷರ ಸಣ್ಣ ಮಾಡು, ಮತ್ತೆ ಊದ್ಕೊಂಡಿದೆ."